ಬ್ಯುಟೈಲ್ ರಬ್ಬರ್ ಪಾಠ: ನಾನು ಹೇಳಿದ ತಪ್ಪು, ಅದನ್ನು ತಿದ್ದಿದ ಬಗೆ

ತರಗತಿ: 10. ವಿಷಯ: ವಿಜ್ಞಾನ. ಘಟಕ: ಕಾರ್ಬನ್ ಮತ್ತು ಅದರ ಸಂಯುಕ್ತಗಳು (ವಿಸ್ತರಣಾ ಪಾಠ). ಅವಧಿ: 40 ನಿಮಿಷದ ಮೂರು ತರಗತಿಗಳು.

ಬೋಧನಾಭ್ಯಾಸದ ಆರನೇ ವಾರದಲ್ಲಿ ನಾನು ಕಪ್ಪುಹಲಗೆಯ ಮೇಲೆ ಈ ವಾಕ್ಯ ಬರೆದೆ: "ಬ್ಯುಟೈಲ್ ರಬ್ಬರಿನ ಮೂಲಕ ಏನೂ ಹಾಯುವುದಿಲ್ಲ, ಎಲ್ಲ ಸೋರಿಕೆಗೂ ಇದೇ ಮದ್ದು." ಮಕ್ಕಳು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಇಬ್ಬರು ಸಹ ಪ್ರಶಿಕ್ಷಣಾರ್ಥಿಗಳು ವೀಕ್ಷಣಾ ಪಟ್ಟಿಯಲ್ಲಿ "ಸಾರಾಂಶ ಚುಟುಕಾಗಿದೆ, ನೆನಪಿನಲ್ಲಿ ಉಳಿಯುತ್ತದೆ" ಎಂದು ಬರೆದರು. ನೆನಪಿನಲ್ಲಿ ಉಳಿದದ್ದು ನಿಜ. ಐದು ದಿನ ಕಳೆದ ಮೇಲೆ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ನೀವು ಹೇಳ್ದಂಗೇ ಸುತ್ತಿದ್ದೆ. ಡೀಸೆಲ್ ಎಲ್ಲಾ ಸೋರೋಯ್ತು" ಅಂದ.

ಅವರ ಹೊಲದ ಡೀಸೆಲ್ ಪಂಪ್‌ಸೆಟ್ಟಿನಲ್ಲಿ ಟ್ಯಾಂಕಿನಿಂದ ಎಂಜಿನ್ನಿಗೆ ಬರುವ ಪೈಪಿನ ಜೋಡಣೆ ಸ್ವಲ್ಪ ಜಿನುಗುತ್ತಿತ್ತಂತೆ. ನನ್ನ ಪಾಠ ಕೇಳಿದ ಸಂಜೆಯೇ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿದ್ದಾನೆ. ಮೊದಲ ದಿನ ಜಿನುಗುವುದು ನಿಂತಿದೆ. ಮೂರನೆಯ ದಿನದ ಹೊತ್ತಿಗೆ ಪಟ್ಟಿ ಉಬ್ಬಿ, ಸಡಿಲವಾಗಿ, ಜಾರಿದೆ. ರಾತ್ರಿಯೆಲ್ಲ ತೊಟ್ಟಿಕ್ಕಿ ಬೆಳಿಗ್ಗೆ ನೋಡಿದರೆ ಟ್ಯಾಂಕು ಅರ್ಧಕ್ಕೆ ಬಂದಿದೆ. "ಅಪ್ಪ ಬೈದ್ರು. ಮೇಡಂ ಹೇಳಿದ್ರು ಅಂದೆ" ಎಂದು ಅವನು ಹೇಳಿದಾಗ ನನಗೆ ಏನು ಉತ್ತರಿಸಬೇಕೋ ತೋಚಲಿಲ್ಲ. ಹೋದದ್ದು ಡೀಸೆಲ್ ಮಾತ್ರ ಎಂಬುದೇ ಪುಣ್ಯ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಇಂಧನ ಸೋರುವ ಜಾಗದಲ್ಲಿ ಯಾರಾದರೂ ಬೀಡಿ ಹಚ್ಚಿದ್ದರೆ ಏನಾಗುತ್ತಿತ್ತು ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಆ ಪಾಠದಲ್ಲಿ ನಾನು ಎಲ್ಲಿ ಎಡವಿದೆ, ಎರಡನೆಯ ಸಲ ಹೇಗೆ ಕಲಿಸಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಪಾಠ

ಕಾರ್ಬನ್ ಅಧ್ಯಾಯದಲ್ಲಿ ಮಕ್ಕಳು ಬ್ಯುಟೇನ್, ಐಸೊಬ್ಯುಟೇನ್‌ಗಳ ರಚನೆ ಬರೆದು ಮುಗಿಸಿದ್ದರು. ಕವಲೊಡೆದ ಸರಪಳಿ ಎಂಬುದು ಪರೀಕ್ಷೆಗೆ ಮಾತ್ರವಲ್ಲ, ಅದರಿಂದ ವಸ್ತುವಿನ ಗುಣವೇ ಬದಲಾಗುತ್ತದೆ ಎಂದು ತೋರಿಸಲು ಬ್ಯುಟೈಲ್ ರಬ್ಬರನ್ನು ಆರಿಸಿಕೊಂಡೆ. ಸೈಕಲ್ಲಿನಲ್ಲಿ ಬರುವ ಮಕ್ಕಳೇ ಹೆಚ್ಚು. ಟ್ಯೂಬು ಎಲ್ಲರಿಗೂ ಗೊತ್ತು. ಶುಕ್ರವಾರವೇ ಒಂದು ಬಲೂನು ಊದಿ, ಒಂದು ಬ್ಯುಟೈಲ್ ಟ್ಯೂಬಿಗೆ ಗಾಳಿ ಹೊಡೆದು ಇಟ್ಟಿದ್ದೆ. ಸೋಮವಾರ ಬಲೂನು ಸುಕ್ಕು ಬಿದ್ದಿತ್ತು, ಟ್ಯೂಬು ಗಟ್ಟಿಯಾಗಿತ್ತು. ಅದನ್ನು ತೋರಿಸಿ, ಬಲೂನು ನೈಸರ್ಗಿಕ ರಬ್ಬರು, ಟ್ಯೂಬು ಬ್ಯುಟೈಲ್, ಆದ್ದರಿಂದ ಬ್ಯುಟೈಲ್ ಗಾಳಿ ಬಿಡುವುದಿಲ್ಲ ಎಂದು ತೀರ್ಮಾನ ಕೊಟ್ಟೆ.

ಎರಡನೇ ಸಾಲಿನ ಒಬ್ಬಳು ಹುಡುಗಿ ಆಗಲೇ ಕೈ ಎತ್ತಿದ್ದಳು. "ಮೇಡಂ, ಬಲೂನು ಎಷ್ಟು ತೆಳು, ಟ್ಯೂಬು ಎಷ್ಟು ದಪ್ಪ. ದಪ್ಪ ಇರೋದಕ್ಕೇ ಗಾಳಿ ನಿಂತಿರಬಹುದಲ್ಲ?" ಅಂದಳು. ಗಡಿಯಾರ ನೋಡಿದೆ. ಮೌಲ್ಯಮಾಪನದ ಪ್ರಶ್ನೆಗಳಿಗೆ ಎಂಟು ನಿಮಿಷ ಉಳಿದಿತ್ತು. "ಒಳ್ಳೆಯ ಪ್ರಶ್ನೆ, ಆಮೇಲೆ ನೋಡೋಣ" ಎಂದು ಮುಂದೆ ಹೋದೆ. ನಮ್ಮಲ್ಲಿ ಈ ಮಾತನ್ನು ಎಷ್ಟು ಜನ ಎಷ್ಟು ಸಲ ಹೇಳಿದ್ದೇವೋ. ಆ "ಆಮೇಲೆ" ಬರುವುದು ಅಪರೂಪ.

ಅವಳ ಪ್ರಶ್ನೆಯನ್ನು ಅಂದೇ ಎತ್ತಿಕೊಂಡಿದ್ದರೆ ಹಲಗೆಯ ಮೇಲಿನ ಆ ವಾಕ್ಯವನ್ನು ಬರೆಯುತ್ತಲೇ ಇರಲಿಲ್ಲ. ಏಕೆಂದರೆ ಅದರಲ್ಲಿದ್ದ ಎರಡು ತಪ್ಪುಗಳೂ ಒಂದೇ ಬೇರಿನವು. ಯಾವುದರ ವಿರುದ್ಧ, ಎಷ್ಟು ದಪ್ಪದಲ್ಲಿ, ಎಷ್ಟು ಹೊತ್ತು ಎಂದು ಕೇಳದೆ "ಹಾಯುವುದಿಲ್ಲ" ಎಂದುಬಿಟ್ಟಿದ್ದೆ.

ಪಂಚರ್ ಅಂಗಡಿಯಲ್ಲಿ

ಶಾಲೆಯ ಎದುರಿನ ಪಂಚರ್ ಅಂಗಡಿಯ ಯಜಮಾನರ ಹತ್ತಿರ ಹೋಗಿ, ಒಂದೇ ಅಳತೆಯ ಎರಡು ಹೊಸ ಟ್ಯೂಬು ಬೇಕು, ಒಂದು ಸಾದಾ, ಒಂದು ಬ್ಯುಟೈಲ್ ಎಂದೆ. ಅವರು ಎರಡನ್ನೂ ತೆಗೆದು ಮುಂದಿಟ್ಟರು. ಗುರುತಿಸುವುದು ಹೇಗೆ ಎಂದು ಕೇಳಿದೆ.

"ಡಬ್ಬದ ಮೇಲೆ ಬರೆದಿರ್ತದೆ. ಇಲ್ಲಾಂದ್ರೆ ಎಳೆದು ಬಿಡಿ ಅಮ್ಮ. ಸಾದಾ ಟ್ಯೂಬು ಪಟ್ ಅಂತ ವಾಪಸ್ ಬರ್ತದೆ. ಇದು ಸೋಮಾರಿ, ನಿಧಾನಕ್ಕೆ ಬರ್ತದೆ" ಅಂದರು. ಇನ್ನೊಂದು ಮಾತು ಸೇರಿಸಿದರು: ಬ್ಯುಟೈಲಿಗೆ ಪ್ಯಾಚು ಹಿಡಿಯುವುದು ಕಷ್ಟ, ಉಜ್ಜುಕಾಗದದಲ್ಲಿ ಚೆನ್ನಾಗಿ ಉಜ್ಜದಿದ್ದರೆ ಸೊಲ್ಯೂಷನ್ ಕಚ್ಚುವುದಿಲ್ಲ.

"ಸೋಮಾರಿ" ಎಂಬ ಆ ಮಾತು ನನಗೆ ಇಡೀ ಎರಡನೇ ಪಾಠದ ಕೀಲಿಯಾಯಿತು. ಪುಸ್ತಕಗಳಲ್ಲಿ ಬ್ಯುಟೈಲ್ ರಬ್ಬರಿನ ಗುಣಗಳನ್ನು ಬೇರೆ ಬೇರೆಯಾಗಿ ಓದಿದ್ದೆ: ಅನಿಲಗಳಿಗೆ ಕಡಿಮೆ ಪಾರಗಮ್ಯತೆ, ಕಡಿಮೆ ಪುಟಿತ, ಕಂಪನ ಹೀರುವಿಕೆ. ಗಾಳಿ ನಿಲ್ಲುವುದಕ್ಕೂ ರಬ್ಬರು ಸೋಮಾರಿಯಾಗಿರುವುದಕ್ಕೂ ಕಾರಣ ಒಂದೇ ಎಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಎರಡೂ ಟ್ಯೂಬಿಗೆ ಪಂಪಿನಲ್ಲಿ ಎಣಿಸಿ ಅಷ್ಟಷ್ಟೇ ಹೊಡೆತ ಹೊಡೆದು, ದಾರದಿಂದ ಸುತ್ತಳತೆ ತೆಗೆದು, ಪ್ರಯೋಗಾಲಯದ ಗೋಡೆಗೆ ತೂಗುಹಾಕಿದೆವು. ಮರುದಿನ ಬೆಳಿಗ್ಗೆ ನೋಡಿದರೆ ಬ್ಯುಟೈಲ್ ಟ್ಯೂಬೇ ಮೊದಲು ಮೆತ್ತಗಾಗಿತ್ತು! ಮಕ್ಕಳು ನನ್ನ ಮುಖ ನೋಡಿ ನಕ್ಕರು. ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿದೆವು. ಟ್ಯೂಬಿನ ಮೈಯಲ್ಲಿ ಗುಳ್ಳೆಯಿಲ್ಲ; ವಾಲ್ವಿನ ತುದಿಯಲ್ಲಿ ಒಂದೊಂದಾಗಿ ಬರುತ್ತಿದ್ದವು. ನಮ್ಮ ಸೈಕಲ್ಲುಗಳ ವಾಲ್ವಿನ ಕಡ್ಡಿಗೆ ಒಂದು ಪುಟ್ಟ ರಬ್ಬರ್ ನಳಿಗೆ ಹಾಕಿರುತ್ತದಲ್ಲ, ಅದು ಸೀಳಿತ್ತು. ಎರಡೂ ಟ್ಯೂಬಿಗೆ ಹೊಸ ನಳಿಗೆ ಹಾಕಿ, ಮತ್ತೆ ನೀರಿನಲ್ಲಿ ಅದ್ದಿ ನೋಡಿ, ಮೊದಲಿಂದ ಶುರು ಮಾಡಿದೆವು. ಈ ಎಡವಟ್ಟು ಯೋಜನೆಯಲ್ಲಿ ಇರಲಿಲ್ಲ. ಆದರೆ ವಸ್ತು ಎಷ್ಟೇ ಚೆನ್ನಾಗಿದ್ದರೂ ಜೋಡಣೆ ಕೆಟ್ಟರೆ ಸೋರುತ್ತದೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಒಂದು ವಾರದ ಮೇಲೆ ಸಾದಾ ಟ್ಯೂಬಿನ ಸುತ್ತಳತೆ 13 ಸೆಂ.ಮೀ.ನಿಂದ 12ಕ್ಕೆ ಇಳಿದಿತ್ತು, ಹೆಬ್ಬೆರಳು ಒತ್ತಿದರೆ ಒಳಕ್ಕೆ ಹೋಗುತ್ತಿತ್ತು. ಬ್ಯುಟೈಲ್ ಟ್ಯೂಬಿನಲ್ಲಿ ದಾರದ ಅಳತೆಗೆ ಸಿಕ್ಕುವಷ್ಟು ವ್ಯತ್ಯಾಸ ಕಾಣಲಿಲ್ಲ. ದಪ್ಪದ ಪ್ರಶ್ನೆ ಕೇಳಿದ ಹುಡುಗಿಗೇ ಅಳೆಯುವ ಕೆಲಸ ಕೊಟ್ಟಿದ್ದೆ. ಅವಳು ಅಳತೆಯ ಜೊತೆಗೆ "ಇಳಿದಿಲ್ಲ ಎಂದಲ್ಲ, ನಮ್ಮ ದಾರಕ್ಕೆ ಗೊತ್ತಾಗಿಲ್ಲ" ಎಂದು ಬರೆದಿದ್ದಳು. ಅದೇ ಸರಿ. ಒಂದೇ ದಪ್ಪದ ಹಾಳೆಗಳನ್ನು ಹೋಲಿಸಿದರೆ ಬ್ಯುಟೈಲ್ ಮೂಲಕ ಗಾಳಿ ಹಾಯುವುದು ನೈಸರ್ಗಿಕ ರಬ್ಬರಿಗಿಂತ ಸುಮಾರು ಎಂಟರಿಂದ ಹತ್ತು ಪಟ್ಟು ನಿಧಾನ. ಹಾಯುವುದೇ ಇಲ್ಲ ಎಂದಲ್ಲ. ಹಲಗೆಯ ಮೇಲೆ ನನ್ನ ಹಳೆಯ ವಾಕ್ಯ ಬರೆದು, "ಏನೂ ಹಾಯುವುದಿಲ್ಲ" ಎಂಬುದನ್ನು ಅವರೆದುರೇ ಹೊಡೆದುಹಾಕಿ, "ಗಾಳಿ ಬಹಳ ನಿಧಾನವಾಗಿ ಹಾಯುತ್ತದೆ" ಎಂದು ಬರೆದೆ. ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳಿದೆ. ತರಗತಿ ಕೈತಪ್ಪುತ್ತದೆ ಎಂದು ಹೆದರಿದ್ದೆ; ಹಾಗೇನೂ ಆಗಲಿಲ್ಲ.

ಚೀಲ ಹೊತ್ತ ಸರಪಳಿ

ಏಕೆ ನಿಧಾನ ಎಂಬುದಕ್ಕೆ ಅಣುವಿನ ಒಳಗೆ ಹೋಗಬೇಕು. ಬ್ಯುಟೈಲ್ ರಬ್ಬರಿನಲ್ಲಿ ಶೇ. 97ರಿಂದ 99ರಷ್ಟು ಐಸೊಬ್ಯುಟಿಲೀನ್, ಉಳಿದದ್ದು ಐಸೊಪ್ರೀನ್. ಐಸೊಬ್ಯುಟೇನ್ ಗೊತ್ತಿರುವ ಮಕ್ಕಳಿಗೆ ಐಸೊಬ್ಯುಟಿಲೀನ್ ಕಷ್ಟವಲ್ಲ: ಅದೇ ಕವಲು, ಜೊತೆಗೆ ಒಂದು ದ್ವಿಬಂಧ. ದ್ವಿಬಂಧ ಬಿಚ್ಚಿಕೊಂಡು ಅಣುಗಳು ಸಾಲಾಗಿ ಸೇರಿದಾಗ ಉದ್ದನೆಯ ಸರಪಳಿಯಾಗುತ್ತದೆ. ಅದರಲ್ಲಿ ಒಂದು ಬಿಟ್ಟು ಒಂದು ಕಾರ್ಬನ್ನಿಗೆ ಎರಡೆರಡು ಮೀಥೈಲ್ ಗುಂಪು ಅಂಟಿಕೊಂಡಿರುತ್ತವೆ. ನೈಸರ್ಗಿಕ ರಬ್ಬರಿನ ಸರಪಳಿಯಲ್ಲಿ ನಾಲ್ಕು ಕಾರ್ಬನ್ನಿಗೆ ಒಂದೇ ಮೀಥೈಲ್ ಗುಂಪು.

ಇದನ್ನು ಮೈದಾನದಲ್ಲಿ ಆಡಿಸಿದೆ. ಹನ್ನೆರಡು ಮಕ್ಕಳು ಕೈಹಿಡಿದು ಒಂದು ಸಾಲು. ಅವರ ಹಿಂದೆ ಅಂಥದೇ ಇನ್ನೊಂದು ಸಾಲು. ಪ್ರತಿ ಮಗುವೂ ಒಂದು ಕಾರ್ಬನ್, ಶಾಲಾ ಚೀಲವೇ ಮೀಥೈಲ್ ಗುಂಪು. ನೈಸರ್ಗಿಕ ರಬ್ಬರಿನ ಸಾಲಿನಲ್ಲಿ ಮೂವರಿಗೆ ಮಾತ್ರ ಒಂದೊಂದು ಚೀಲ. ಬ್ಯುಟೈಲ್ ಸಾಲಿನಲ್ಲಿ ಒಬ್ಬರು ಬಿಟ್ಟು ಒಬ್ಬರಿಗೆ ಬೆನ್ನಿಗೊಂದು, ಎದೆಗೊಂದು: ಸಾಲಿಗೆ ಹನ್ನೆರಡು ಚೀಲ. ಉಳಿದವರು ಗಾಳಿ, ಸಾಲುಗಳ ನಡುವೆ ನುಸುಳಿ ಆಚೆ ಹೋಗಬೇಕು.

ಮೊದಲ ಸುತ್ತಿನಲ್ಲಿ ಸಾಲಿನವರು ಸುಮ್ಮನೆ ಅಲುಗದೆ ನಿಂತುಬಿಟ್ಟರು, ಯಾವ ಸಾಲನ್ನೂ ಯಾರೂ ದಾಟಲಾಗಲಿಲ್ಲ. ನಾನೇ ಮುಖ್ಯ ಸೂಚನೆ ಮರೆತಿದ್ದೆ. ರಬ್ಬರಿನ ಸರಪಳಿಗಳು ಸದಾ ಓಲಾಡುತ್ತಿರುತ್ತವೆ. ರಬ್ಬರಿನಲ್ಲಿ ಕರಗಿದ ಗಾಳಿಯ ಅಣು, ಸರಪಳಿ ಓಲಾಡುವಾಗ ಪಕ್ಕದಲ್ಲಿ ಚಣಕಾಲ ತೆರೆಯುವ ಸಂದಿಗೆ ಜಿಗಿಯುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಇದೇ ವಿಸರಣೆ. ಹಾಗಾಗಿ ಎಲ್ಲರೂ ಎಡಬಲಕ್ಕೆ ಓಲಾಡುತ್ತ, ಸಾಧ್ಯವಾದಷ್ಟು ತಿರುಗುತ್ತ ಇರಬೇಕು ಎಂದೆ. ಆಗ ಆಟ ಕೂಡಿಬಂತು. ಚೀಲವಿಲ್ಲದ ಸಾಲು ಸಲೀಸಾಗಿ ಓಲಾಡಿತು, ಸಂದಿಗಳು ತೆರೆದವು, ಎರಡು ನಿಮಿಷದಲ್ಲಿ 19 ಮಂದಿ ದಾಟಿದರು. ಚೀಲ ಹೊತ್ತವರು ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತ ನಿಧಾನಕ್ಕೆ ಅಲುಗಿದರು. ಆರೇ ಮಂದಿ ದಾಟಿದ್ದು. "ಹಾಗಾದ್ರೆ ಮೂರು ಪಟ್ಟು ಮೇಡಂ" ಎಂದು ಒಬ್ಬ ಲೆಕ್ಕ ಹಾಕಿದ. ಈ ಲೆಕ್ಕ ಚೀಲಗಳದ್ದೇ ಹೊರತು ರಬ್ಬರಿನದ್ದಲ್ಲ ಎಂದು ಹೇಳಬೇಕಾಯಿತು. ಸಾದೃಶ್ಯ ಇಷ್ಟವಾದಷ್ಟೂ ಮಕ್ಕಳು ಅದನ್ನೇ ಪುರಾವೆ ಎಂದುಕೊಳ್ಳುತ್ತಾರೆ.

ಆಮೇಲೆ ಸೋಮಾರಿತನದ ಪರೀಕ್ಷೆ. ಎರಡೂ ಬಗೆಯ ಹಳೆಯ ಟ್ಯೂಬಿನ ಪಟ್ಟಿಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ದಾರ ಕಟ್ಟಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿದ್ದೆವು. ಒಂದೇ ಎತ್ತರದಿಂದ ಬಿಟ್ಟಾಗ ಸಾದಾ ಉಂಡೆ ಪುಟಿಯಿತು. ಬ್ಯುಟೈಲ್ ಉಂಡೆ ಸಗಣಿ ಮುದ್ದೆಯ ಹಾಗೆ ಬಿದ್ದಲ್ಲೇ ಬಿತ್ತು. ಬ್ಯುಟೈಲ್ ಉಂಡೆಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು ಬಿಟ್ಟಾಗ ಅದೂ ಕೊಂಚ ಪುಟಿಯಿತು. ತರಗತಿಯಲ್ಲಿ ದೊಡ್ಡ ಗದ್ದಲವೆದ್ದದ್ದು ಆಗಲೇ. ಬಿಸಿಯಲ್ಲಿ ಸರಪಳಿಗಳ ಓಲಾಟ ಚುರುಕಾಗುತ್ತದೆ. ಹಾಗಾದರೆ ಬಿಸಿಲಲ್ಲಿ ನಿಲ್ಲಿಸಿದ ಸೈಕಲ್ಲಿನ ಟ್ಯೂಬಿನಿಂದ ಗಾಳಿಯೂ ಬೇಗ ಹೋಗಬೇಕಲ್ಲವೇ ಎಂದು ಮಕ್ಕಳೇ ಕೇಳಿದರು. ಹೌದು, ಹೋಗುತ್ತದೆ. ಬೀಳುವಾಗಿನ ಶಕ್ತಿಯನ್ನು ನುಂಗಿ ಬೆಚ್ಚಗಾಗುವ ಗುಣ, ಗಾಳಿಯನ್ನು ತಡೆಯುವ ಗುಣ ಎರಡೂ ಸರಪಳಿಯ ಆ ಜಡತನದಿಂದಲೇ ಬಂದವು.

ನನ್ನ ಸಹಪಾಠಿಯೊಬ್ಬರು ಇಲ್ಲಿ ಒಂದು ಸಂದೇಹ ಎತ್ತಿದರು: ಸರಪಳಿ ಅಷ್ಟು ಜಡವಾದರೆ ಚಳಿಯಲ್ಲಿ ಬೇಗ ಗಟ್ಟಿಯಾಗಿ ಒಡೆಯಬೇಕಲ್ಲ? ಒಡೆಯುವುದಿಲ್ಲ. ಗಾಜಿನಂತೆ ಬಿರುಸಾಗಲು ಬ್ಯುಟೈಲ್ ಕೂಡ ನೈಸರ್ಗಿಕ ರಬ್ಬರಿನಂತೆ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ಹೋಗಬೇಕು. ಚಲನೆ ನಿಂತಿಲ್ಲ, ನಿಧಾನವಾಗಿದೆ ಅಷ್ಟೇ.

ಇನ್ನು ಆ ಶೇ. 1ರಿಂದ 3ರಷ್ಟು ಐಸೊಪ್ರೀನ್ ಏಕೆ? ಐಸೊಬ್ಯುಟಿಲೀನ್ ಒಂದರಿಂದಲೇ ಮಾಡಿದ ಸರಪಳಿಯಲ್ಲಿ ದ್ವಿಬಂಧ ಉಳಿಯುವುದಿಲ್ಲ. ಗಂಧಕಕ್ಕೆ ಹಿಡಿಯಲು ಕೈ ಸಿಗುವುದಿಲ್ಲ. ಐಸೊಪ್ರೀನ್ ಬಂದಲ್ಲೆಲ್ಲ ಒಂದು ದ್ವಿಬಂಧ ಉಳಿಯುತ್ತದೆ, ಅಲ್ಲಿ ಗಂಧಕ ಸೇರಿ ಸರಪಳಿಗಳನ್ನು ಒಂದಕ್ಕೊಂದು ಕಟ್ಟುತ್ತದೆ. ಆಗಲೇ ಅದು ಹಿಂದಕ್ಕೆ ಬರುವ ರಬ್ಬರು. ದ್ವಿಬಂಧ ಕಡಿಮೆ ಇರುವುದರಿಂದ ಗಾಳಿಯ ಓಝೋನ್ ಕೂಡ ಬಲವಾಗಿ ಕಚ್ಚುವುದಿಲ್ಲ. ಮನೆಯ ಹೊರಗೆ ಮೊಳೆಗೆ ಎಳೆದು ಕಟ್ಟಿದ ರಬ್ಬರ್ ಬ್ಯಾಂಡು ಕೆಲವು ವಾರದಲ್ಲಿ ಬಿರುಕು ಬಿಟ್ಟು ತುಂಡಾಗುವುದನ್ನು ಮಕ್ಕಳು ಕಂಡಿದ್ದರು. ನೈಸರ್ಗಿಕ ರಬ್ಬರಿನ ಪ್ರತಿ ಘಟಕದಲ್ಲೂ ದ್ವಿಬಂಧವಿದೆ. ಪಂಚರ್ ಅಂಗಡಿಯವರು ಹೇಳಿದ ಪ್ಯಾಚಿನ ಕಷ್ಟದ ಹಿಂದೆಯೂ ಇದರ ಪಾಲಿದೆ. ಹಿಡಿಯಲು ಕೈ ಕಡಿಮೆ.

ಚರಿತ್ರೆಗೆ ಐದೇ ನಿಮಿಷ ಕೊಟ್ಟೆ. 1937ರಲ್ಲಿ ಅಮೆರಿಕದ ನ್ಯೂ ಜೆರ್ಸಿಯ ಸ್ಟಾಂಡರ್ಡ್ ಆಯಿಲ್ ಕಂಪನಿಯ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಇದನ್ನು ರೂಪಿಸಿದರು. 1942ರಲ್ಲಿ ಜಪಾನ್ ಮಲಯಾ ಮತ್ತು ಇಂಡೋನೇಷ್ಯಾದ ರಬ್ಬರ್ ತೋಟಗಳನ್ನು ಹಿಡಿದಾಗ ಅಮೆರಿಕಕ್ಕೆ ರಬ್ಬರಿನ ಬರ ಬಂತು. ಯುದ್ಧಕಾಲದಲ್ಲೇ ಬ್ಯುಟೈಲ್ ಕಾರ್ಖಾನೆಗಳು ಎದ್ದವು, ವಾಹನಗಳ ಒಳಟ್ಯೂಬಿಗೆ ಅದು ಬಳಕೆಗೆ ಬಂತು. ಮಕ್ಕಳಿಗೆ ಇಷ್ಟವಾದದ್ದು ಬೇರೆ: ಈ ಕ್ರಿಯೆ ನಡೆಯಬೇಕಾದರೆ ಕಾಯಿಸಬಾರದು, ಸೊನ್ನೆಗಿಂತ ಸುಮಾರು 95 ಡಿಗ್ರಿ ಕೆಳಕ್ಕೆ ತಣಿಸಬೇಕು. ಬೆಚ್ಚಗಾದರೆ ಸರಪಳಿ ಬೇಗ ಕೊನೆಗೊಂಡು ಗಿಡ್ಡವಾಗುತ್ತದೆ, ರಬ್ಬರಿನ ಬದಲು ಅಂಟು ಸಿಗುತ್ತದೆ.

ಡೀಸೆಲ್ ಬಾಟಲಿ

ಮೂರನೇ ತರಗತಿಯನ್ನು ಆ ಹುಡುಗನ ಪಂಪ್‌ಸೆಟ್ಟಿಗೇ ಮೀಸಲಿಟ್ಟೆ. ಅವನನ್ನು ಮೊದಲೇ ಕರೆದು, ಹೇಳಬಹುದೇ ಎಂದು ಕೇಳಿದ್ದೆ. "ನಾನೇ ಹೇಳ್ತೀನಿ ಮೇಡಂ" ಎಂದು ಎದ್ದು ನಿಂತು, ಅಪ್ಪನ ಬೈಗುಳವನ್ನೂ ಬಿಡದೆ ಹೇಳಿದ.

ಹಿಂದಿನ ದಿನವೇ ಮುಚ್ಚಳವಿರುವ ಗಾಜಿನ ಬಾಟಲಿಗಳಲ್ಲಿ 5 ಸೆಂ.ಮೀ. ಉದ್ದದ ಪಟ್ಟಿಗಳನ್ನು ಹಾಕಿಟ್ಟಿದ್ದೆವು: ನೀರಿನಲ್ಲಿ ಒಂದು ಬ್ಯುಟೈಲ್, ಒಂದು ಸಾದಾ, ಸ್ವಲ್ಪ ಡೀಸೆಲ್ಲಿನಲ್ಲಿ ಅಂಥವೇ ಎರಡು. ಟ್ರ್ಯಾಕ್ಟರ್ ಗ್ಯಾರೇಜಿನಿಂದ ತಂದ ನೈಟ್ರೈಲ್ ರಬ್ಬರಿನ ಒಂದು ಉಂಗುರವನ್ನೂ ಇನ್ನೊಂದು ಡೀಸೆಲ್ ಬಾಟಲಿಯಲ್ಲಿ ಇಟ್ಟೆವು. ಕಿಟಕಿ ತೆರೆದು, ಪ್ರಯೋಗಾಲಯದಲ್ಲಿ ಬೆಂಕಿ ಹಚ್ಚುವ ಯಾವ ಕೆಲಸವೂ ಇಲ್ಲದ ದಿನ ನೋಡಿ ಮಾಡಿದ್ದು. ಬಾಟಲಿ ಮುಟ್ಟಿದವಳು ನಾನೊಬ್ಬಳೇ. ಮರುದಿನ ನೀರಿನಲ್ಲಿದ್ದವು ಇದ್ದಂತೆಯೇ ಇದ್ದವು. ಡೀಸೆಲ್ಲಿನಲ್ಲಿದ್ದ ಎರಡು ಪಟ್ಟಿಗಳೂ 6 ಸೆಂ.ಮೀ. ದಾಟಿ, ಉಬ್ಬಿ, ಬೆರಳಲ್ಲಿ ಒತ್ತಿದರೆ ಬೆಂದ ಹಾಗಲಕಾಯಿಯಂತೆ ಮೆತ್ತಗಿದ್ದವು. ನೈಟ್ರೈಲ್ ಉಂಗುರದಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಇರಲಿಲ್ಲ.

ಕಾರಣ ಅವರಿಗೆ ಗೊತ್ತಿರುವ ಅಧ್ಯಾಯದಲ್ಲೇ ಇದೆ. ಡೀಸೆಲ್ ಎಂದರೆ ಹೈಡ್ರೋಕಾರ್ಬನ್‌ಗಳು. ಬ್ಯುಟೈಲ್ ರಬ್ಬರೂ ಹೈಡ್ರೋಕಾರ್ಬನ್, ನೈಸರ್ಗಿಕ ರಬ್ಬರೂ ಹೈಡ್ರೋಕಾರ್ಬನ್. ತನ್ನ ಜಾತಿಯದನ್ನು ರಬ್ಬರು ಒಳಗೆ ಬಿಟ್ಟುಕೊಳ್ಳುತ್ತದೆ, ಸರಪಳಿಗಳ ನಡುವೆ ತುಂಬಿಕೊಂಡು ಊದುತ್ತದೆ. ನೀರು ಬೇರೆ ಜಾತಿ. ನೈಟ್ರೈಲ್ ರಬ್ಬರಿನಲ್ಲಿ ಕಾರ್ಬನ್ನಿಗೆ ನೈಟ್ರೋಜನ್ ಸೇರಿದ ಧ್ರುವೀಯ ಗುಂಪುಗಳಿರುವುದರಿಂದ ಎಣ್ಣೆಯ ಜೊತೆ ಅದಕ್ಕೆ ಅಷ್ಟು ಸಲಿಗೆಯಿಲ್ಲ. ಪೆಟ್ರೋಲು, ಡೀಸೆಲ್, ಗ್ರೀಸು, ಎಂಜಿನ್ ಆಯಿಲ್ ಇರುವ ಕಡೆ ನೈಟ್ರೈಲ್. ಗಾಳಿ, ನೀರು, ಹಬೆ ಇರುವ ಕಡೆ ಬ್ಯುಟೈಲ್. ನಮ್ಮ ಹಳ್ಳಿಗಳಲ್ಲಿ ಹಳೆಯ ಟ್ಯೂಬಿನ ವಾಷರ್ ಹಾಕದ ಜಾಗವಿಲ್ಲ, ನೀರಿನ ಪೈಪಿಗೆ ಸುತ್ತಿದ್ದು ವರ್ಷಗಟ್ಟಲೆ ನಿಲ್ಲುತ್ತದೆ ಕೂಡ. ಆ ಅನುಭವವೇ ಹುಡುಗನನ್ನು ದಾರಿ ತಪ್ಪಿಸಿತು, ನನ್ನ ವಾಕ್ಯ ಅದಕ್ಕೆ ಪುಷ್ಟಿ ಕೊಟ್ಟಿತು. ಕಪ್ಪುಹಲಗೆಯ ವಾಕ್ಯದ ಎರಡನೇ ಅರ್ಧವನ್ನು ಅವನ ಕೈಯಲ್ಲೇ ಅಳಿಸಿದೆ.

ಸೋರಿಕೆ ತಡೆಯುವ ಬಗೆಗಳು

ಬ್ಯುಟೈಲ್ ಎಲ್ಲೆಲ್ಲಿ ಸಲ್ಲುತ್ತದೆ ಎಂಬುದಕ್ಕೆ ಪಟ್ಟಿ ಬರೆಸುವ ಬದಲು ಎರಡು ಬಗೆಯನ್ನು ಮಾತ್ರ ಬಿಡಿಸಿ ನೋಡಿದೆವು.

ಒಂದು, ಗಂಧಕದಿಂದಲೋ ಬೇರೆ ವಿಧಾನದಿಂದಲೋ ಕಟ್ಟಿದ ರಬ್ಬರು. ಒತ್ತಿದರೆ ತಗ್ಗಿ, ತಿರುಗಿ ತಳ್ಳುವ ಗುಣವೇ ಇಲ್ಲಿ ಸೋರಿಕೆ ತಡೆಯುವುದು. ಇಂಜೆಕ್ಷನ್ ಬಾಟಲಿಯ ಬೂದು ಬಣ್ಣದ ಬಿರಡೆ ಇದಕ್ಕೆ ಚೆಂದದ ಉದಾಹರಣೆ. ಅವುಗಳಲ್ಲಿ ಬಹುಪಾಲು ಬ್ರೋಮಿನ್ ಅಥವಾ ಕ್ಲೋರಿನ್ ಸೇರಿಸಿದ ಬ್ಯುಟೈಲ್. ಒಳಗಿನ ಪುಡಿಗೆ ತೇವ ತಾಗದಂತೆ ತಡೆಯುತ್ತದೆ, ಸೂಜಿ ಚುಚ್ಚಿ ತೆಗೆದ ಮೇಲೆ ತೂತು ಮುಚ್ಚಿಕೊಳ್ಳುತ್ತದೆ, ಔಷಧಕ್ಕೆ ಬಿಟ್ಟುಕೊಡುವ ಕಲ್ಮಶವೂ ಕಡಿಮೆ. ಅಂಗನವಾಡಿಯಲ್ಲಿ ಸಿಸ್ಟರ್ ಒಂದೇ ಬಾಟಲಿಯಿಂದ ಹಲವು ಮಕ್ಕಳಿಗೆ ಲಸಿಕೆ ತೆಗೆಯುವುದನ್ನು ನೋಡಿದ್ದವರು ಇದನ್ನು ಬೇಗ ಹಿಡಿದರು. ನಾನು ಮೊದಲು ಆಸ್ಪತ್ರೆಯಿಂದ ಬಳಸಿದ ಬಾಟಲಿ ತರಲು ಹೊರಟಿದ್ದೆ. ಮಾರ್ಗದರ್ಶಕ ಉಪನ್ಯಾಸಕರು ತಡೆದರು: ಅದು ಜೈವಿಕ ವೈದ್ಯಕೀಯ ತ್ಯಾಜ್ಯ, ತರಗತಿಗೆ ಬರಬಾರದು. ಪ್ರಯೋಗಾಲಯ ಸಾಮಾನಿನ ಅಂಗಡಿಯಲ್ಲಿ ಹೊಸ ಖಾಲಿ ಬಾಟಲಿ, ಬಿರಡೆ ಸಿಕ್ಕವು. ಬಣ್ಣದ ನೀರು ತುಂಬಿ, ಹೊಸ ಸೂಜಿಯಿಂದ ನಾನೇ ಐದು ಸಲ ಚುಚ್ಚಿ, ತಲೆಕೆಳಗು ಮಾಡಿ ತೋರಿಸಿದೆ. ಒಂದು ಹನಿಯೂ ಬೀಳಲಿಲ್ಲ. ಟ್ಯೂಬ್‌ಲೆಸ್ ಟಯರಿನ ಒಳಮೈಗೆ ಬಳಿದಿರುವ ತೆಳು ಪದರವೂ ಇದೇ ಹ್ಯಾಲೋಬ್ಯುಟೈಲ್. ಟ್ಯೂಬು ಮಾಯವಾಗಿಲ್ಲ, ಟಯರಿಗೆ ಅಂಟಿಕೊಂಡಿದೆ ಎಂದು ಮಕ್ಕಳಿಗೆ ಹೇಳಿದೆ.

ಎರಡನೆಯದು, ಕಟ್ಟದೆ ಹಾಗೇ ಬಿಟ್ಟ ಬ್ಯುಟೈಲ್: ಅಂಟುಪಟ್ಟಿ. ಇದು ತಿರುಗಿ ತಳ್ಳುವುದಿಲ್ಲ. ಮೆಲ್ಲಗೆ ಹರಿದು ಏರುತಗ್ಗುಗಳಿಗೆ ತುಂಬಿಕೊಂಡು ಕೂರುತ್ತದೆ. ಶೀಟಿನ ಮಾಡಿನ ಸೋರಿಕೆಗೆ ಹಾಕುವ, ಮೇಲೆ ಅಲ್ಯುಮಿನಿಯಂ ಹಾಳೆಯಿರುವ ಪಟ್ಟಿ ಇಂಥದು. ಎರಡು ಗಾಜುಗಳ ನಡುವೆ ಒಣಗಾಳಿ ಇಟ್ಟು ಮುಚ್ಚುವ ಕಿಟಕಿಗಳ ಅಂಚಿಗೂ ಇದರ ಹತ್ತಿರದ ಬಂಧು ಪಾಲಿಐಸೊಬ್ಯುಟಿಲೀನ್ ಹಾಕುತ್ತಾರೆ. ಅಂಟುಪಟ್ಟಿಯ ಬಗ್ಗೆ ಸ್ವಾನುಭವವನ್ನೂ ಹೇಳಿದೆ: ಮಳೆಗಾಲದಲ್ಲಿ ನಮ್ಮ ಮನೆಯ ದನದ ಕೊಟ್ಟಿಗೆಗೆ ಒದ್ದೆ ಶೀಟಿನ ಮೇಲೇ ಹಚ್ಚಿದ್ದೆ, ಎರಡು ದಿನದಲ್ಲಿ ಎದ್ದು ಬಂತು. ಒಣಗಿಸಿ, ಧೂಳು ಒರೆಸಿ ಹಚ್ಚಿದ್ದು ಇನ್ನೂ ಇದೆ.

ಮೌಲ್ಯಮಾಪನ

ಈ ಸಲ "ಬ್ಯುಟೈಲ್ ರಬ್ಬರಿನ ಮೂರು ಉಪಯೋಗ ಬರೆಯಿರಿ" ಎಂದು ಕೇಳಲಿಲ್ಲ. ನಾಲ್ಕು ಸೋರಿಕೆ ಕೊಟ್ಟೆ: ನೀರಿನ ತೊಟ್ಟಿಯ ನಲ್ಲಿ, ಬೈಕಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಫುಟ್‌ಬಾಲಿನ ಒಳಚೀಲ, ಅಡುಗೆ ಅನಿಲದ ಸಿಲಿಂಡರ್. ಯಾವುದಕ್ಕೆ ಟ್ಯೂಬಿನ ತುಂಡು ಸರಿ, ಯಾವುದಕ್ಕೆ ಅಲ್ಲ, ಏಕೆ ಎಂದು ಬರೆಯಬೇಕು. 44 ಮಂದಿಯಲ್ಲಿ 31 ಮಂದಿ ಪೆಟ್ರೋಲಿಗೆ ಬೇಡ ಎಂದು ಕಾರಣ ಸಹಿತ ಬರೆದರು. ಸಿಲಿಂಡರಿನ ಪ್ರಶ್ನೆಯಲ್ಲಿ ಬಹಳ ಜನ ಎಡವಿದರು: ಅನಿಲ ತಡೆಯುತ್ತದಲ್ಲ, ಹಾಕಬಹುದು ಎಂದರು. ಅದರೊಳಗಿರುವುದು ಪ್ರೊಪೇನ್, ಬ್ಯುಟೇನ್. ಅವೂ ಹೈಡ್ರೋಕಾರ್ಬನ್‌ಗಳೇ, ಈ ರಬ್ಬರಿನಲ್ಲಿ ಕರಗಬಲ್ಲವು ಎಂದು ಮತ್ತೆ ವಿವರಿಸಬೇಕಾಯಿತು. ಸಿಲಿಂಡರ್ ಸೋರಿದರೆ ಮನೆಯವರು ಯಾರೂ ಏನನ್ನೂ ಸುತ್ತಬಾರದು, ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಸ್ವಿಚ್ಚು ಮುಟ್ಟದೆ ಏಜೆನ್ಸಿಗೆ ಹೇಳಬೇಕು ಎಂದು ಬರೆಸಿದೆ. ಮತ್ತೊಮ್ಮೆ ಈ ಪಾಠ ಮಾಡುವುದಾದರೆ ಈ ಪ್ರಶ್ನೆಯನ್ನು ಕೊನೆಗಿಡದೆ ಡೀಸೆಲ್ ಬಾಟಲಿಯ ಪಕ್ಕದಲ್ಲೇ ಇಡುತ್ತೇನೆ.

ಸಮಯದ ಲೆಕ್ಕವನ್ನೂ ಹೇಳಿಬಿಡಬೇಕು. ಒಂದು ಅವಧಿಗೆ ಯೋಜಿಸಿದ್ದು ಮೊದಲ ಪಾಠವನ್ನು ಬಿಟ್ಟು ಮೂರು ಅವಧಿ ತಿಂದಿತು. ಶಾಲೆಯ ವಿಜ್ಞಾನ ಶಿಕ್ಷಕರು ತಮ್ಮ ಎರಡು ಅವಧಿ ಬಿಟ್ಟುಕೊಡದಿದ್ದರೆ ಆಗುತ್ತಿರಲಿಲ್ಲ. ನಮ್ಮ ಉಪನ್ಯಾಸಕರು ಚರ್ಚೆಯಲ್ಲಿ, ಚೀಲದ ಆಟ ಮತ್ತು ಉಂಡೆ ಎರಡರಲ್ಲಿ ಒಂದು ಸಾಕಿತ್ತು ಎಂದರು. ನನಗೆ ಹಾಗನ್ನಿಸುವುದಿಲ್ಲ, ಆಟದಲ್ಲಿ ಕಂಡ ಜಡತನವನ್ನು ಉಂಡೆಯಲ್ಲಿ ಮುಟ್ಟಿ ನೋಡಿದ್ದರಿಂದಲೇ ಬಿಸಿನೀರಿನ ಪ್ರಶ್ನೆ ಮಕ್ಕಳಿಂದ ಬಂತು. ಸಮಯವಿಲ್ಲದವರು ಚರಿತ್ರೆಯನ್ನು ಬಿಡಬಹುದು.

ಆ ಹುಡುಗನ ಮನೆಯ ಪಂಪ್‌ಸೆಟ್ಟಿಗೆ ಗ್ಯಾರೇಜಿನವರು ನೈಟ್ರೈಲ್ ಉಂಗುರ ಹಾಕಿ ಜೋಡಣೆ ಬಿಗಿ ಮಾಡಿಕೊಟ್ಟರು. ನಾನು ಒಂದು ಭಾನುವಾರ ಅವರ ಹೊಲಕ್ಕೆ ಹೋಗಿ ಅವನ ತಂದೆಯವರಲ್ಲಿ, ಹೇಳಿಕೊಟ್ಟದ್ದು ನನ್ನ ತಪ್ಪು, ಹುಡುಗನದ್ದಲ್ಲ ಎಂದೆ. "ಅಯ್ಯೋ ಬಿಡಿ ಮೇಡಂ, ಟ್ಯೂಬು ಸುತ್ತೋದು ನಮ್ಮಪ್ಪನ ಕಾಲದ ಬುದ್ಧಿ" ಎಂದು ನಕ್ಕು ಎಳನೀರು ಕೊಟ್ಟರು.

ಬೋಧನಾಭ್ಯಾಸ ಮುಗಿಯುವ ದಿನ ದಪ್ಪದ ಪ್ರಶ್ನೆಯ ಹುಡುಗಿ ಮತ್ತೊಂದು ಪ್ರಶ್ನೆ ತಂದಳು: ಗಾಳಿಯ ಬದಲು ಬೇರೆ ಅನಿಲ ತುಂಬಿದರೂ ಅಷ್ಟೇ ದಿನ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಕಾರ್ಬನ್ ಡೈ ಆಕ್ಸೈಡ್ ರಬ್ಬರಿನಲ್ಲಿ ಹೆಚ್ಚು ಕರಗುವುದರಿಂದ ಗಾಳಿಗಿಂತ ಬಹಳ ಬೇಗ ಹೊರಬೀಳುತ್ತದೆ. ಅಡುಗೆ ಸೋಡಾ, ವಿನೆಗರ್ ಇದ್ದರೆ ಸಾಕು: ಒಂದೇ ಪೊಟ್ಟಣದ ಎರಡು ಬಲೂನು ತೆಗೆದುಕೊಂಡು, ಒಂದಕ್ಕೆ ಆ ಅನಿಲ ತುಂಬಿ, ಇನ್ನೊಂದಕ್ಕೆ ಪಂಪಿನಿಂದ ಅಷ್ಟೇ ಗಾಳಿ ತುಂಬಿ, ದಿನಕ್ಕೆರಡು ಸಲ ದಾರದಿಂದ ಅಳೆಯಬಹುದು. ಈ ಸಲ ದಪ್ಪವೂ ಒಂದೇ. ಉತ್ತರವನ್ನು ಅವಳಿಗೆ ಹೇಳಲಿಲ್ಲ. ಬಲೂನು, ಸೋಡಾ, ದಾರ ಮೂರನ್ನೂ ಪ್ರಯೋಗಾಲಯದ ಕಪಾಟಿನಲ್ಲಿಟ್ಟು, ಕೀಲಿಯನ್ನು ಆ ಶಾಲೆಗೆ ಮುಂದೆ ಬರುವ ನಮ್ಮ ಪ್ರಶಿಕ್ಷಣಾರ್ಥಿಯ ಕೈಗೆ ಕೊಟ್ಟಿದ್ದೇನೆ.